ಹೂಳಿನ ಮೇಲಿನ ಬೀದಿ

ಆವುಲಪ್ಪ ಮೋಸಗಾರ. ಸತ್ತವರ ವಿಷಯ ಬರೆಯುವಾಗ ಇಂಥದನ್ನು ಮೊದಲೇ ಹೇಳಿಬಿಡಬೇಕು. ತಡಮಾಡಿದರೆ ಬರೆಯುವವರಿಗೂ ಓದುವವರಿಗೂ ಕನಿಕರ ಹುಟ್ಟಿ, ಇದ್ದದ್ದು ಇದ್ದ ಹಾಗೆ ಕಾಣದೆ ಹೋಗುತ್ತದೆ.

ಶಿಡ್ಲಘಟ್ಟದಲ್ಲಿ ಅವನು ಮನೆ ಕಟ್ಟುವ ಮೇಸ್ತ್ರಿ. ರೇಷ್ಮೆ ಗೂಡು ಬೇಯಿಸುವ ಒಲೆಗಳ ಬೂದಿ ಆ ಊರಿನಲ್ಲಿ ಯಾರಿಗೂ ಬೇಡದ ವಸ್ತು. ಆವುಲಪ್ಪನಿಗೆ ಬೇಕಾಗಿತ್ತು. ಚೀಲಗಟ್ಟಲೆ ಹೊರಿಸಿ ತಂದು, ಜರಡಿ ಹಿಡಿದು, ಗಾರೆ ಅರೆಯುವ ಗಾಣದಲ್ಲಿ ಸುಣ್ಣದ ಜೊತೆ ಸುರಿಯುತ್ತಿದ್ದ. ಆ ಗಾರೆ ಕಣ್ಣಿಗೆ ಅಪ್ಪಟ ಗಾರೆಗಿಂತ ನುಣುಪಾಗಿ ಕಾಣುತ್ತಿತ್ತು. ಹೀಗೆ ಉಳಿಸಿದ ಸುಣ್ಣ ಇನ್ನೊಬ್ಬರ ಮನೆಗೆ ಹೋಗುತ್ತಿತ್ತು. ಅಲ್ಲಿ ಉಳಿದದ್ದು ಮತ್ತೊಬ್ಬರ ಮನೆಗೆ. ಮುರುಗಮಲ್ಲದ ದಾರಿಯಲ್ಲಿದ್ದ ಅಂಗಡಿಯವನೊಬ್ಬ ಗೋಡೆಯ ಗಿಲಾವು ಹಪ್ಪಳದ ಹಾಗೆ ಏಳುತ್ತಿದೆ ಎಂದು ಹುಡುಕಿಕೊಂಡು ಬಂದಾಗ, ಆವುಲಪ್ಪ ಅವನನ್ನು ಕೂರಿಸಿ, ಎಲೆ ಅಡಿಕೆ ಕೊಟ್ಟು, ಶಾಂತವಾಗಿ ಹೇಳಿದನಂತೆ: "ಮಳೆಗಾಲದಲ್ಲಿ ಗೋಡೆ ಬೆವರ್ತದೆ ಅಯ್ಯೋರೆ. ಬೇಸಿಗೇಲಿ ನಿಮಗೆ ಬೆವರಲ್ವಾ?"

ಅವನಿಗೆ ಇದರಲ್ಲಿ ನಾಚಿಕೆ ಇರಲಿಲ್ಲ. ಹೆಂಡತಿ ಕದಿರಮ್ಮನಿಗೂ ಇರಲಿಲ್ಲ. ಗಂಡ ಮೋಸ ಮಾಡುತ್ತಾನೆ ಎನ್ನುವುದಕ್ಕಿಂತ, ಅಷ್ಟು ಮೋಸ ಮಾಡಿಯೂ ಮನೆಯಲ್ಲಿ ಏನೂ ಕಾಣುವುದಿಲ್ಲ ಎನ್ನುವುದೇ ಅವಳ ದೂರು.

ಊರಿನ ಪಡುವಲಲ್ಲಿ ಬೊಮ್ಮನಕೆರೆ ಎಂಬ ಕೆರೆ ಇತ್ತು. ಆವುಲಪ್ಪನ ತಂದೆಯ ಕಾಲದಲ್ಲಿ ಅದರ ಕಟ್ಟೆ ಒಡೆಯಿತು. ಯಾರೂ ಕಟ್ಟಿಸಲಿಲ್ಲ. ಸುತ್ತಲಿನ ಬಂಡೆ ದಿನ್ನೆಗಳಿಂದ ನೂರಾರು ವರ್ಷ ಮಳೆನೀರಿನಲ್ಲಿ ಇಳಿದುಬಂದ ಮಣ್ಣು ಅಲ್ಲಿ ಆಳೆತ್ತರದ ಎಷ್ಟೋ ಪಟ್ಟು ಕೂತಿತ್ತು. ಬೇಸಿಗೆಯಲ್ಲಿ ಜನ ಅದನ್ನು ಗಾಡಿಗೆ ತುಂಬಿ ಹಿಪ್ಪುನೇರಳೆ ತೋಟಕ್ಕೆ ಗೊಬ್ಬರದ ಬದಲು ಹಾಕುತ್ತಿದ್ದರು. ನೀರಿಲ್ಲದ ಕೆರೆಯಂಗಳ ಯಾರದೂ ಆಗಿರಲಿಲ್ಲ. ದಿನ್ನೆಯ ಮೇಲಿನ ದೊಡ್ಡ ಮನೆಯ ಚೆನ್ನರಾಯಪ್ಪ ಮಾತ್ರ ಅದು ತಮ್ಮದೇ ಎಂದು ತಿಳಿದಿದ್ದರು. ಅವರ ತಂದೆ ಅಲ್ಲಿ ಕೆಲವು ವರ್ಷ ಹಿಪ್ಪುನೇರಳೆ ಬೆಳೆಸಿದ್ದರು.

ಐವತ್ತರ ದಶಕದ ಕೊನೆಗೆ ಸರ್ಕಾರ ಆ ಅಂಗಳವನ್ನು ನಿವೇಶನಗಳಾಗಿ ಹಂಚಿತು. ಗೂಡಿನ ಮಾರುಕಟ್ಟೆಯ ಹಿಂದೆ ಗುಡಿಸಲು ಹಾಕಿಕೊಂಡಿದ್ದ, ಊರಾಚೆಯ ಕೇರಿಯಿಂದ ಬಂದು ಚರಕದ ಮೇಲೆ ನೂಲು ತೆಗೆಯುತ್ತಿದ್ದ ಸಂಸಾರಗಳಿಗೆ ಕೊಟ್ಟಿತು. ಕೊಟ್ಟದ್ದು ಒಳ್ಳೆಯ ಮನಸ್ಸಿನಿಂದಲೇ. ದಿನ್ನೆಯ ಮೇಲೆ ಒಂದು ಗೇಣು ನೆಲವನ್ನೂ ಯಾರೂ ಬಿಟ್ಟುಕೊಡಲಿಲ್ಲ, ಅಷ್ಟೆ.

ಆ ಸೀಮೆಯಲ್ಲಿ ಮನೆ ಕಟ್ಟುವ ಮೊದಲು ನೆಲ ನೋಡುವ ಪದ್ಧತಿ ಇತ್ತು. ವೈಶಾಖದಲ್ಲಿ ಒಳ್ಳೆಯ ದಿನ ನೋಡಿ, ನಿವೇಶನದ ನಡುವೆ ಮೊಳದುದ್ದ, ಮೊಳದಗಲ, ಮೊಳದಾಳದ ಗುಂಡಿ ತೋಡಿ, ತೆಗೆದ ಮಣ್ಣನ್ನೇ ಅದಕ್ಕೆ ವಾಪಸ್ಸು ಹಾಕಬೇಕು. ಮಣ್ಣು ಮಿಕ್ಕರೆ ಮನೆ ಏಳಿಗೆಯಾಗುತ್ತದೆ. ಕಮ್ಮಿಯಾದರೆ ಆ ನೆಲ ಬೇಡ. ಈ ಪರೀಕ್ಷೆ ಮಾಡುವವನು ಮೇಸ್ತ್ರಿ. ಆವುಲಪ್ಪ ಬೇರೆ ಯಾವ ದೇವರನ್ನು ಎಷ್ಟು ನಂಬಿದ್ದನೋ ಗೊತ್ತಿಲ್ಲ, ಗುಂಡಿಯನ್ನಂತೂ ನಂಬಿದ್ದ. ಅವನ ತಂದೆ ಹಾಗೆಯೇ ನೋಡುತ್ತಿದ್ದ, ಅಜ್ಜನೂ ಹಾಗೆಯೇ.

ವೈಶಾಖದ ಬಿಸಿಲಿಗೆ ಕೆರೆಯ ಹೂಳು ಒಣಗಿ ಇಟ್ಟಿಗೆಯಾಗಿತ್ತು. ಹಾರೆ ಹಾಕಿದರೆ ಹೆಂಟೆಹೆಂಟೆಯಾಗಿ ಎದ್ದು ಬಂತು. ಹೆಂಟೆಗಳನ್ನು ವಾಪಸ್ಸು ಹಾಕಿದರೆ ಗುಂಡಿಯಲ್ಲಿ ಹಿಡಿಸುವುದೇ? ಪ್ರತಿ ನಿವೇಶನದಲ್ಲೂ ಮಣ್ಣು ಗುಡ್ಡೆಯಾಗಿ ಮಿಕ್ಕಿತು. ಜನ ಕೈ ಮುಗಿದರು. ಇಂಥ ನೆಲವನ್ನು ತಾನು ಹುಟ್ಟಿದಾರಭ್ಯ ನೋಡಿಲ್ಲ ಎಂದು ಆವುಲಪ್ಪ ಸಾರಿದ. ದಿನ್ನೆಯ ಮೇಲೆ ಎರಡು ಗೇಣು ಇಳಿದರೆ ಬಂಡೆ ಸಿಕ್ಕುತ್ತದೆ, ಗುಂಡಿಯೇ ಆಗುವುದಿಲ್ಲ. ದೊಡ್ಡವರ ನೆಲಕ್ಕಿಂತ ನಿಮ್ಮದೇ ಒಳ್ಳೆಯ ನೆಲ ಎಂದ. ಕೇರಿಯ ಜನಕ್ಕೆ ಅಂಥ ಮಾತನ್ನು ಅದುವರೆಗೆ ಯಾರೂ ಹೇಳಿರಲಿಲ್ಲ. ಆ ಪರೀಕ್ಷೆಯನ್ನು ಆಶ್ವೀಜದ ಮಳೆ ನಿಂತ ಮೇಲೆ ಮಾಡಿದ್ದರೆ ಹಾರೆ ಮೊಣಕಾಲುದ್ದ ತಾನಾಗಿ ಇಳಿಯುತ್ತಿತ್ತು. ಆದರೆ ಆಶ್ವೀಜದಲ್ಲಿ ಯಾರೂ ಮನೆ ಆರಂಭಿಸುವುದಿಲ್ಲ.

ಆ ಬೀದಿಯ ಮನೆಗಳನ್ನು ಆವುಲಪ್ಪ ಸರಿಯಾಗಿ ಕಟ್ಟಿದ. ಇದು ಅವನ ಗುಣವೆಂದು ತಿಳಿಯಬೇಕಾಗಿಲ್ಲ. ಆ ಜನಕ್ಕೆ ಕೂಲಿಯಾಳು ಇಡುವ ಶಕ್ತಿ ಇರಲಿಲ್ಲ. ಗಾಣದ ಹಿಂದೆ ತಾವೇ ನಡೆದರು, ಸುಣ್ಣ ತಾವೇ ಅಳೆದು ಸುರಿದರು, ಒಂದೊಂದು ವರಸೆ ಇಟ್ಟಿಗೆ ಏಳುವಾಗಲೂ ಹೆಂಗಸರು ಮಕ್ಕಳು ಸುತ್ತ ನಿಂತು ನೋಡಿದರು. ಅಷ್ಟು ಕಣ್ಣುಗಳ ನಡುವೆ ಬೂದಿ ಬೆರೆಸಲು ಅವನು ಇಂದ್ರಜಾಲದವನಾಗಬೇಕಿತ್ತು.

ಬೀದಿಯ ಕೊನೆಯ ಮನೆ ಮುನಿಶಾಮಿಯದು. ಮುನಿಶಾಮಿ ನೂಲು ತೆಗೆಯುವವರಲ್ಲಿ ಗಟ್ಟಿಗ, ಮಾತು ಕಮ್ಮಿ. ಗೂಡಿನ ಸಂತೆ ಜೋರಾಗಿದ್ದ ದಿನಗಳು, ಅವನಿಗೆ ಗಾಣದ ಹತ್ತಿರ ನಿಲ್ಲಲಾಗಲಿಲ್ಲ. ಹೆಂಡತಿ ಕೊಂಡಮ್ಮ ಹಡೆದು ಮಲಗಿದ್ದಳು. "ಮೇಸ್ತ್ರಿ, ನಿನಗೇ ಬಿಟ್ಟಿದೀನಿ ಕಣಪ್ಪ" ಎಂದು ಹೇಳಿ ಅವನು ಮಾರುಕಟ್ಟೆಗೆ ಹೋದ. ಪಾಯದಿಂದ ಮಾಡಿನವರೆಗೆ ಆ ಮನೆಯ ಗಾರೆಯನ್ನು ನೋಡಿದವನು ಆವುಲಪ್ಪ ಒಬ್ಬನೇ. ಬೂದಿಯ ಚೀಲ ಗಾಣದ ಪಕ್ಕದಲ್ಲೇ ಇತ್ತು. ಅವನು ಅದನ್ನು ಬಿಚ್ಚಲಿಲ್ಲ. ಯಾಕೆ ಎಂದು ಅವನಿಗೂ ತಿಳಿಯಲಿಲ್ಲ. ಆ ಬೀದಿಯಲ್ಲಿ ಕೈಗೆ ಹತ್ತಿದ ಅಭ್ಯಾಸ ಇನ್ನೂ ಬಿಟ್ಟಿರಲಿಲ್ಲವೋ ಏನೋ. ಮನೆಗೆ ಬಂದು ಕದಿರಮ್ಮನಿಗೆ ಹೇಳಿದಾಗ ಅವಳು, ಜ್ವರ ಬಂದಿದೆಯೇ ಎಂದು ಅವನ ಕತ್ತು ಮುಟ್ಟಿ ನೋಡಿ ನಕ್ಕಳು.

ಒಂಬತ್ತು ಹತ್ತು ವರ್ಷ ಆ ಬೀದಿ ಚೆನ್ನಾಗಿಯೇ ಇತ್ತು.

ಅರವತ್ತೇಳನೆಯ ಇಸವಿಯ ಡಿಸೆಂಬರಿನಲ್ಲಿ, ನೂಲು ತೆಗೆಯುವವರು ಒಲೆ ಹಚ್ಚುವ ಬೆಳಗಿನ ಜಾವಕ್ಕೆ, ಎಷ್ಟೋ ದೂರದ ಕೊಯ್ನಾದಲ್ಲಿ ಭೂಮಿ ನಡುಗಿತು. ಕೆರೆಯಂಗಳದ ಬೀದಿಯಲ್ಲಿ ಆಗಲೇ ಎದ್ದಿದ್ದವರು ಮೊದಲು ಕಂಡದ್ದು ಬಾಣಲೆಯ ನೀರನ್ನು. ಯಾರೂ ಮುಟ್ಟದೆ ಅದು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೊಯ್ದಾಡಿ ಒಲೆಗೆ ಚೆಲ್ಲಿತು. ಚರಕಗಳು ಗಿರಕಿ ಹೊಡೆಯದೆ ಕಟಕಟ ಎಂದವು. ಎರಡು ಮೂರು ಮನೆಗಳ ಗೋಡೆ ಬಾಯಿಬಿಟ್ಟಿತು. ಕೊನೆಯ ಮನೆಯಲ್ಲಿ ಮುನಿಶಾಮಿ ಸೌದೆ ತೆಗೆಯಲು ಗೋಡೆಯ ಬುಡದಲ್ಲಿ ಬಗ್ಗಿದ್ದ. ಬೀದಿಯ ಕಡೆಯ ಗೋಡೆ ಅವನ ಮೇಲೆ ಮಲಗಿತು. ಜನ ಇಟ್ಟಿಗೆ ತೆಗೆದು ಅವನನ್ನು ಎಳೆಯುವ ಹೊತ್ತಿಗೆ ಬೆಳಕಾಗಿತ್ತು, ಅವನು ಸತ್ತಿದ್ದ.

ದಿನ್ನೆಯ ಮೇಲಿನವರಿಗೆ ನಿದ್ದೆಯಿಂದ ಎಚ್ಚರವಾದದ್ದು ಕೆಳಗಿನ ಬೀದಿಯ ಅಳುವಿನಿಂದ. ಆವುಲಪ್ಪನ ಮನೆಯೂ ದಿನ್ನೆಯ ಇಳಿಜಾರಿನಲ್ಲಿತ್ತು. ಅವನೂ ಏನೂ ಅರಿಯದೆ ಮಲಗಿದ್ದ. ಕದಿರಮ್ಮ ನೆಲುವಿನಲ್ಲಿಟ್ಟ ಗಡಿಗೆ ಇದ್ದಲ್ಲೇ ಇತ್ತು. ಮರುದಿನ ಪತ್ರಿಕೆಯಲ್ಲಿ ಕೊಯ್ನಾದ ಸುದ್ದಿ ಬಂದಾಗ ಕೆರೆಯಂಗಳದವರು ಅದನ್ನು ಹಿಡಿದುಕೊಂಡು ಊರೆಲ್ಲ ಓಡಾಡಿದರು. ಊರು ನಂಬಲಿಲ್ಲ. ಅಲ್ಲಿಂದ ಇಲ್ಲಿಗೆ ನಡುಕ ಬರುವುದಿದ್ದರೆ ದಾರಿಯಲ್ಲಿ ಎಷ್ಟು ಊರು ಬೀಳಬೇಕಿತ್ತು? ಬಂದರೂ, ಒಂದೇ ಊರಿನಲ್ಲಿ ಮೇಲಿನ ಬೀದಿಯನ್ನು ಬಿಟ್ಟು ಕೆಳಗಿನ ಬೀದಿಯನ್ನು ಹುಡುಕಿಕೊಂಡು ಹೋಗಲು ಅದೇನು ಪೋಸ್ಟ್‌ಮ್ಯಾನೇ?

ಹಾಗಾದರೆ ಗೋಡೆ ಬಿದ್ದದ್ದು ಏಕೆ? ಈ ಪ್ರಶ್ನೆಗೆ ಉತ್ತರ ಸಿದ್ಧವಾಗಿಯೇ ಇತ್ತು. ಆ ಮನೆ ಕಟ್ಟಿದವನು ಯಾರು?

ಊರಿನಲ್ಲಿ ಆವುಲಪ್ಪನ ಬೂದಿಯ ಕಥೆ ತಿಳಿಯದವರಿರಲಿಲ್ಲ. ಅದುವರೆಗೆ ಅದು ನಗೆಯ ಮಾತಾಗಿತ್ತು, ಈಗ ಕೊಲೆಯ ಮಾತಾಯಿತು. ಹಿಡಿದಿದ್ದ ಕೆಲಸಗಳು ಒಂದೊಂದಾಗಿ ಬಿಟ್ಟುಹೋದವು. ಹೋಟೆಲಿನಲ್ಲಿ ಅವನು ಕೂತ ಬೆಂಚಿನಿಂದ ಜನ ಎದ್ದುಹೋದರು. ಒಂದು ದಿನ ಗೂಡಿನ ಮಾರುಕಟ್ಟೆಯ ಬಾಗಿಲಲ್ಲಿ ಕೊಂಡಮ್ಮ ಎದುರಾದಳು. ಅವಳು ಅಳಲಿಲ್ಲ, ಕೂಗಲಿಲ್ಲ. "ಏನಪ್ಪ ಮೇಸ್ತ್ರಿ, ನನ್ನ ಒಲೇಲಿ ಬೂದಿ ಬೇಕಾದಷ್ಟದೆ. ಯಾವಾಗ ಬರ್ತೀಯ ತಗೊಂಡ್ಹೋಗೋಕೆ?" ಎಂದು ಕೇಳಿದಳು. ಸುತ್ತ ನಿಂತವರು ನಕ್ಕರು. ಆವುಲಪ್ಪ ತಲೆ ತಗ್ಗಿಸಿ ಬಂದ ದಾರಿಯಲ್ಲೇ ವಾಪಸ್ಸು ಹೋದ.

ಅವನನ್ನು ತಿಂದುಹಾಕಿದ್ದು ಇದು: ಅವನು ಮಾಡಿದ ಮೋಸಗಳೆಲ್ಲ ಊರಿನ ತುಂಬ ನೆಟ್ಟಗೆ ನಿಂತಿದ್ದವು. ಚೆನ್ನರಾಯಪ್ಪನವರ ದನದ ಕೊಟ್ಟಿಗೆಯ ಗೋಡೆಗೆ ಅವನು ಹಾಕಿದ್ದು ಮುಕ್ಕಾಲು ಪಾಲು ಬೂದಿ. ಅದರಲ್ಲಿ ಒಂದು ಎಳೆ ಬಿರುಕಿಲ್ಲ. ಯಾರ ಕಾವಲೂ ಇಲ್ಲದೆ, ತಾನಾಗಿಯೇ ಬೂದಿ ಮುಟ್ಟದೆ ಕಟ್ಟಿದ ಒಂದೇ ಮನೆ ಮನುಷ್ಯನನ್ನು ಕೊಂದಿತ್ತು. ಯಾರೂ ಇಲ್ಲದಾಗ ಹೋಗಿ ಬಿದ್ದ ಗೋಡೆಯ ಒಂದು ಹೆಂಟೆ ಎತ್ತಿ ಉಗುರಿನಿಂದ ಕೆರೆದು ನೋಡಿದ. ಉಗುರು ಸವೆಯಿತು, ಗಾರೆ ಸವೆಯಲಿಲ್ಲ. ಇಟ್ಟಿಗೆ ಮುರಿದಿತ್ತು, ಬೆಸುಗೆ ಬಿಟ್ಟಿರಲಿಲ್ಲ. ಇದನ್ನು ಯಾರಾದರೂ ಒಬ್ಬರು, ಬಾಯಿಬಿಟ್ಟು, ನಾಲ್ಕು ಜನರೆದುರಿಗೆ ಹೇಳಬೇಕು ಎಂಬ ಆಸೆ ಅವನನ್ನು ಹಿಡಿಯಿತು. ಉಣ್ಣುವಾಗಲೂ ಅದೇ, ಕೂತರೂ ಅದೇ. ಕೆಲಸ ವಾಪಸ್ಸು ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು; ಕೊಂದವನಲ್ಲ ಎಂದಾದರೆ ಸಾಕಿತ್ತು.

"ನಾನು ಹೇಳ್ತೀನಲ್ಲ, ನೀನು ಹಾಕಿಲ್ಲ ಅಂತ," ಎಂದಳು ಕದಿರಮ್ಮ.

"ನೀನು ಹೇಳಿದರೆ ಊರು ಕೇಳ್ತದಾ?"

"ಹತ್ತು ಮನೆಗೆ ಬೂದಿ ಹಾಕಿದಾಗ ಊರನ್ನ ಕೇಳಿದ್ಯಾ?" ಎಂದು ಅವಳು ಒಳಗೆ ಹೋದಳು.

ಸಂಕ್ರಾಂತಿಗೆ ಚೆನ್ನರಾಯಪ್ಪನವರ ತಂಗಿಯ ಮಗ ಚನ್ನಕೇಶವ ಊರಿಗೆ ಬಂದ. ಬೆಂಗಳೂರಿನಲ್ಲಿ ಓದಿದ ಹುಡುಗ. ಗೌರಿಬಿದನೂರಿನ ಹತ್ತಿರ ಹೊಸದಾಗಿ ನಡೆಯುತ್ತಿದ್ದ ಭೂಕಂಪ ಅಳೆಯುವ ಕೇಂದ್ರದಲ್ಲಿ ಕೆಲಸಕ್ಕಿದ್ದ. ಈ ಸುದ್ದಿ ತಿಳಿದು ಆವುಲಪ್ಪ ದೊಡ್ಡ ಮನೆಯ ಅಂಗಳಕ್ಕೆ ಹೋಗಿ ನಿಂತ. ಹುಡುಗ ದೊಡ್ಡಸ್ತಿಕೆ ಇಲ್ಲದವನು. ಎಲ್ಲ ಕೇಳಿ, ಆಗಲೇ ಹೊರಟು ಕೆರೆಯಂಗಳಕ್ಕೆ ಬಂದ. ಬಿರುಕುಗಳನ್ನು ನೋಡಿದ, ಒಲೆಗೆ ನೀರು ಚೆಲ್ಲಿದ ಸಂಗತಿಯನ್ನು ಮನೆಮನೆಗೆ ಹೋಗಿ ವಿಚಾರಿಸಿದ. ಬೇಲಿಯಂಚಿನ ಹಳೆಯ ಬಾವಿಯೊಂದರಲ್ಲಿ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಹೂಳು ಎಲ್ಲಿಯವರೆಗೆ ಇದೆ ಎಂದು ನೋಡಿದ. ಆವುಲಪ್ಪ ಎತ್ತಿಕೊಟ್ಟ ಗಾರೆಯ ಹೆಂಟೆಯನ್ನು ತಾನೂ ಉಗುರಿನಿಂದ ಕೆರೆದ. ವಾಪಸ್ಸು ಬಂದು ಒಳಗಿನಿಂದ ಹೆಪ್ಪಾದ ಮೊಸರಿನ ಕುಡಿಕೆ ತರಿಸಿ ಜಗಲಿಯ ಕಲ್ಲಿನ ಮೇಲೆ ಇಟ್ಟ.

"ನೋಡು ಮೇಸ್ತ್ರಿ," ಎಂದು ಜಗಲಿಯ ಕಲ್ಲಿಗೆ ಮುಷ್ಟಿಯಿಂದ ಗುದ್ದಿದ. "ಕಲ್ಲು ಅಲುಗಿತಾ?"

"ಇಲ್ಲ ಸಾಮಿ."

"ಅಲುಗಿದೆ. ನಿನ್ನ ಕಣ್ಣಿಗೆ ಕಾಣದಷ್ಟು. ಈಗ ಮೊಸರು ನೋಡು."

ಮೊಸರು ನಡುಗುತ್ತಿತ್ತು. ಗುದ್ದು ಮುಗಿದ ಮೇಲೂ ನಡುಗುತ್ತಿತ್ತು.

ದಿನ್ನೆ ಎಂದರೆ ಈ ಕಲ್ಲು, ಕೆರೆಯಂಗಳ ಎಂದರೆ ಈ ಮೊಸರು, ಎಂದು ಹುಡುಗ ವಿವರಿಸಿದ. ದೂರದಿಂದ ಬರುವ ನಡುಕ ಬಂಡೆಯಲ್ಲಿ ಬೇಗ ದಾಟಿಹೋಗುತ್ತದೆ. ಬಂಡೆ ಬಿಗಿ, ಹೆಚ್ಚು ಆಡುವುದಿಲ್ಲ. ಅದೇ ನಡುಕ ಮೆತ್ತನೆಯ ಹೂಳಿಗೆ ಇಳಿದಾಗ ನಡಿಗೆ ನಿಧಾನವಾಗುತ್ತದೆ, ಆಟ ದೊಡ್ಡದಾಗುತ್ತದೆ. ಮೇಲಾಗಿ ಕೆರೆ ಬಟ್ಟಲಿನ ಹಾಗಿದೆ, ಸುತ್ತ ಬಂಡೆ. ಒಳಗೆ ಸಿಕ್ಕ ನಡುಕ ಈ ದಡಕ್ಕೆ ಬಡಿದು ಆ ದಡಕ್ಕೆ, ಆ ದಡಕ್ಕೆ ಬಡಿದು ಈ ದಡಕ್ಕೆ. ಹೊರಗೆ ಹೋಗಲು ದಾರಿಯಿಲ್ಲದೆ ಬಹಳ ಹೊತ್ತು ಒಳಗೇ ತಿರುಗುತ್ತದೆ. ಮುನಿಶಾಮಿಯ ಮನೆ ಇರುವ ಕೊನೆಯಲ್ಲಿ ಹೂಳು ಎಲ್ಲಕ್ಕಿಂತ ಆಳ, ಅಲ್ಲಿ ಆಟವೂ ಹೆಚ್ಚು. ಪ್ರಪಂಚದಲ್ಲಿ ದೊಡ್ಡ ದೊಡ್ಡ ಪಟ್ಟಣಗಳೇ ಹೀಗೆ ಹಳೆಯ ಸರೋವರಗಳ ಮೇಲೆ, ನದಿಯ ಮೆಕ್ಕಲಿನ ಮೇಲೆ ಕೂತಿವೆ. ಹತ್ತಿರದ ಗುಡ್ಡದ ಮೇಲೆ ಲೋಟ ಅಲುಗದಿದ್ದಾಗ ಅಲ್ಲಿ ಮನೆ ಉರುಳಿದ್ದುಂಟು. "ನಾವು ಗೌರಿಬಿದನೂರಿನ ಬಂಡೆ ಮೇಲೆ ಯಂತ್ರ ಇಟ್ಟಿರೋದು ಅದಕ್ಕೇ. ಇಂಥ ಹೂಳಿನ ಮೇಲೆ ಇಟ್ಟರೆ ಬಡಾಯಿಕೋರನ ಹಾಗೆ ಎಲ್ಲವನ್ನೂ ಹೆಚ್ಚಿಸಿ ಹೇಳ್ತದೆ."

"ಹಂಗಾದರೆ ಗಾರೆ?"

"ಗಾರೆ ಗಟ್ಟಿಯಾಗೇ ಇದೆ. ನಿನ್ನ ತಪ್ಪೇನಿಲ್ಲ. ಆ ಜಾಗದಲ್ಲಿ ಆ ಥರದ ಮನೆ ಕಟ್ಟಲೇಬಾರದಾಗಿತ್ತು, ಅದೊಂದೇ."

ಆವುಲಪ್ಪನಿಗೆ ಕೊನೆಯ ಮಾತು ಕಿವಿಗೆ ಬೀಳಲಿಲ್ಲ. ನಿನ್ನ ತಪ್ಪೇನಿಲ್ಲ ಎಂಬ ಮಾತು ಬಿದ್ದಿತ್ತು. ಗೋಡೆ ಬಿದ್ದು ಜೀವ ಹೋದದ್ದರ ವಿಚಾರಣೆಗೆ ತಾಲೂಕಿನ ಅಮಲ್ದಾರರು ಮುಂದಿನ ವಾರ ಬರುವವರಿದ್ದರು. ಅವರೆದುರು ಇದನ್ನೇ ಹೇಳುತ್ತೇನೆ ಎಂದು ಹುಡುಗ ಮಾತು ಕೊಟ್ಟ. ಆವುಲಪ್ಪ ಮನೆಗೆ ಹೋಗಿ ಬಹಳ ದಿನಗಳ ಮೇಲೆ ಎರಡನೆಯ ಮುದ್ದೆ ಹಾಕಿಸಿಕೊಂಡ.

ಎರಡು ದಿನ ಕಳೆದು ಚೆನ್ನರಾಯಪ್ಪನವರೇ ಹೇಳಿಕಳಿಸಿದರು. ಇದುವರೆಗೆ ಕೊಟ್ಟಿಗೆಯ ಬಾಗಿಲಲ್ಲಿ ಮಾತಾಡಿಸುತ್ತಿದ್ದವರು ಅಂದು ಜಗಲಿಯ ಹತ್ತಿರಕ್ಕೆ ಕರೆದರು. ಚೆನ್ನರಾಯಪ್ಪ ಕೆಟ್ಟ ಮನುಷ್ಯರೇನಲ್ಲ. ತಮ್ಮದು ಎಂದುಕೊಂಡದ್ದನ್ನು ಬಿಡಲಾರದವರು. ಅಂಥವರು ಊರಿನಲ್ಲಿ ಬೇಕಾದಷ್ಟು ಜನ.

"ಬಾರಯ್ಯ ಆವುಲಪ್ಪ. ಬಾಗುನ್ನಾವಾ, ಚೆನ್ನಾಗಿದೀಯಾ? ಅಂತೂ ನಮ್ಮ ಹುಡುಗನಿಂದ ನಿನ್ನ ತಲೆ ಮೇಲಿನ ಹೆಣ ಇಳೀತು."

ಆವುಲಪ್ಪ ಕೈ ಮುಗಿದ.

"ನಿನ್ನದೊಂದು ಇಳೀತು, ನನ್ನದೊಂದೂ ಇಳೀತು. ಆ ಅಂಗಳ ಮನೆ ಕಟ್ಟೋ ಜಾಗ ಅಲ್ಲ ಅಂತ ನಾನು ಹತ್ತು ವರ್ಷದಿಂದ ಬಡ್ಕೊಂಡೆ, ಯಾವನೂ ಕೇಳಲಿಲ್ಲ. ಈಗ ಸೈನ್ಸೇ ಹೇಳ್ತಾ ಇದೆ. ಅಮಲ್ದಾರರು ಬರೆದುಬಿಟ್ಟರೆ ಆಯ್ತು, ವಾಸಕ್ಕೆ ಯೋಗ್ಯವಲ್ಲ ಅಂತ. ಮಳೆಗಾಲಕ್ಕೆ ಮುಂಚೆ ಖಾಲಿ."

"ಖಾಲಿ ಅಂದರೆ, ಗೌಡ್ರೆ?"

"ಖಾಲಿ ಅಂದರೆ ಖಾಲಿ. ಆ ಕೆರೆಗೋಡು ಮಣ್ಣಿನಲ್ಲಿ ಹಿಪ್ಪುನೇರಳೆ ಸೊಪ್ಪು ಹೆಂಗೆ ಬರ್ತದೆ ಗೊತ್ತಾ? ಎಲೆ ಅಂದರೆ ಅಂಗೈಯಗಲ."

"ಆ ಜನ ಎಲ್ಲಿಗೆ ಹೋಗ್ತಾರೆ?"

"ಎಲ್ಲಿಂದ ಬಂದರೋ ಅಲ್ಲಿಗೆ," ಎಂದರು ಚೆನ್ನರಾಯಪ್ಪ, ಮಾತಿನಲ್ಲಿ ಯಾವ ಕಹಿಯೂ ಇಲ್ಲದೆ. "ನಿನಗ್ಯಾಕಯ್ಯ ಅದು? ನೀನು ಕೊಲೆಗಾರ ಅಲ್ಲ ಅಂತ ಆಯ್ತಲ್ಲ, ತೆಂಗಿನಕಾಯಿ ಒಡಿ."

ಅಲ್ಲಿಂದ ಆವುಲಪ್ಪ ಚನ್ನಕೇಶವನನ್ನು ಹುಡುಕಿಕೊಂಡು ಹೋದ. ಗಾರೆ ಗಟ್ಟಿ ಇದೆ ಎಂದಷ್ಟೇ ಹೇಳಿ, ನೆಲದ ವಿಷಯ ಬಿಡಲಾಗುವುದಿಲ್ಲವೇ ಎಂದು ಕೇಳಿದ. ಹುಡುಗನಿಗೆ ಅರ್ಥವೇ ಆಗಲಿಲ್ಲ. ಗಾರೆ ಗಟ್ಟಿಯಿದ್ದೂ ಗೋಡೆ ಬಿತ್ತು ಎಂದರೆ ನೆಲವೇ ಕಾರಣ. ಒಂದನ್ನು ಹೇಳಿ ಇನ್ನೊಂದನ್ನು ಬಿಡುವುದು ಹೇಗೆ? ಅಲ್ಲದೆ ಅಲ್ಲಿ ಜನ ಇರುವುದು ಅಪಾಯ. ಇವತ್ತು ಸಣ್ಣದಾಗಿ ಬಂದದ್ದು ನಾಳೆ ದೊಡ್ಡದಾಗಿ ಬಂದರೆ? ಸರ್ಕಾರ ಅವರಿಗೆ ಬಂಡೆ ನೆಲದಲ್ಲಿ ಬೇರೆ ನಿವೇಶನ ಕೊಡುತ್ತದೆ, ಕೊಡಲೇಬೇಕು ಎಂದ.

ಬಂಡೆ ನೆಲ ಯಾರದು ಎಂದು ಆವುಲಪ್ಪ ಕೇಳಲಿಲ್ಲ. ಕೇಳಿದ್ದರೆ ಹುಡುಗ ತನ್ನ ಸೋದರಮಾವನ ಹೆಸರನ್ನೇ ಹೇಳಬೇಕಾಗಿತ್ತು.

ಹುಡುಗನ ಮಾತಿನಲ್ಲಿ ಸುಳ್ಳಿರಲಿಲ್ಲ. ಅಲ್ಲಿದ್ದರೆ ಇನ್ನೊಂದು ದಿನ ಇನ್ನೊಂದು ಗೋಡೆ ಬೀಳಬಹುದು. ಅಲ್ಲಿಂದ ಎಬ್ಬಿಸಿದರೆ ಮಾರುಕಟ್ಟೆಯ ಹಿಂದಿನ ಕೊಚ್ಚೆ; ಅಲ್ಲಿ ಒಲೆಯಿಲ್ಲ, ಒಲೆಯಿಲ್ಲದೆ ಚರಕವಿಲ್ಲ. ಗೋಡೆ ಎಂದಾದರೂ ಬೀಳುವುದು, ಹಸಿವು ಎರಡನೆಯ ದಿನಕ್ಕೇ ಬರುವುದು. ಆವುಲಪ್ಪ ಇಷ್ಟು ಯೋಚಿಸಿದನೋ ಇಲ್ಲವೋ ಹೇಳಲಾಗದು. ಕದಿರಮ್ಮ ನೋಡಿದ ಹಾಗೆ ಅವನು ಸಂಜೆಯೆಲ್ಲ ಹೊಸಿಲ ಮೇಲೆ ಕೂತು ಗಾರೆ ಬಳಿಯುವ ಕರಣೆಯನ್ನು ಕಲ್ಲಿಗೆ ತಿಕ್ಕುತ್ತಿದ್ದ. ಯಾವ ಕೆಲಸಕ್ಕೆ ಎಂದು ಕೇಳಿದ್ದಕ್ಕೆ, ತುಕ್ಕು ಎಂದ. ಅಮಲ್ದಾರರೆದುರು ಮಾತು ಉದ್ದ ಮಾಡಬೇಡ, ಹುಡುಗ ಹೇಳಿದ್ದಕ್ಕೆ ಹೂಂ ಅನ್ನು, ಹೆಸರು ತೊಳೆದುಕೊಂಡು ಮನೆಗೆ ಬಾ, ಎಂದು ಅವಳು ಬುದ್ಧಿ ಹೇಳಿದಳು. ಅವನು ಹೂಂ ಅಂದ.

ಅಮಲ್ದಾರರು ಬಂದರು. ಕೊಂಡಮ್ಮನ ಮನೆಯ ಮುಂದೆ ಕುರ್ಚಿ ಹಾಕಿದರು. ಬಿದ್ದ ಗೋಡೆಯ ಜಾಗಕ್ಕೆ ತೆಂಗಿನ ಗರಿಯ ತಟ್ಟಿ ಕಟ್ಟಿಕೊಂಡು ಅವಳು ಮಕ್ಕಳೊಂದಿಗೆ ಒಳಗೇ ಇದ್ದಳು, ಒಲೆಯೂ ಉರಿಯುತ್ತಿತ್ತು. ಕೆರೆಯಂಗಳದ ಜನ ಒಂದು ಕಡೆ, ದಿನ್ನೆಯವರು ಒಂದು ಕಡೆ ನಿಂತರು. ಚೆನ್ನರಾಯಪ್ಪನವರು ಅಮಲ್ದಾರರ ಪಕ್ಕದಲ್ಲಿ ನಿಂತರು. ಚನ್ನಕೇಶವ ಎಲ್ಲವನ್ನೂ ಹೇಳಿದ, ಜಗಲಿಯ ಮೇಲೆ ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದ. ಕೆರೆಯಂಗಳದವರ ಮುಖ ಮೊದಲು ಬೆಳಗಿತು: ನಡುಕ ನಿಜ ಎಂದು ಓದಿದವನೊಬ್ಬ ಒಪ್ಪಿದ್ದ. ಆಮೇಲೆ, ಹಾಗಾದರೆ ಈ ಅಂಗಳದಲ್ಲಿ ಯಾರೂ ಇರುವಂತಿಲ್ಲ ಎಂದು ಅಮಲ್ದಾರರು ತಮಗೆ ತಾವೇ ಎಂಬಂತೆ ಅಂದಾಗ ಅದೇ ಮುಖಗಳು ಕಂದಿದವು. ಒಬ್ಬ ಮುದುಕ ಕೂತುಬಿಟ್ಟ.

ಅಮಲ್ದಾರರು ಅಚ್ಚುಕಟ್ಟಿನ ಮನುಷ್ಯ. ಬರೆಯುವ ಮುಂಚೆ ಕಟ್ಟಿದವನನ್ನೂ ಕೇಳಬೇಕೆಂದು ಆವುಲಪ್ಪನನ್ನು ಕರೆದರು. ಗಾರೆಗೆ ಸುಣ್ಣ ಸರಿಯಾಗಿ ಹಾಕಿದ್ದೆಯಾ?

ಆವುಲಪ್ಪ ಕೊಂಡಮ್ಮನನ್ನಾಗಲಿ ಹುಡುಗನನ್ನಾಗಲಿ ನೋಡಲಿಲ್ಲ.

"ಇಲ್ಲ ಬುದ್ದಿ. ಬೂದಿ ಬೆರೆಸಿದ್ದೆ."

ಅಲ್ಲಿ ಎದ್ದ ಗದ್ದಲ ಇಳಿಯುವವರೆಗೆ ಅಮಲ್ದಾರರು ಕಾದರು. ಎಲ್ಲ ಮನೆಗೂ ಬೆರೆಸಿದ್ದೆಯಾ ಎಂದು ಕೇಳಿದರು.

"ಇದೊಂದೇ ಬುದ್ದಿ. ಮಿಕ್ಕ ಮನೇಲಿ ಜನ ಕಾವಲಿದ್ದರು, ಆಗಲಿಲ್ಲ. ಅವಕ್ಕೇನೂ ಭಯವಿಲ್ಲ. ಸಣ್ಣ ಬಿರುಕು, ಮುಚ್ಚಿದರೆ ಆಯ್ತು. ಇದು ನಾನು ಮಾಡಿದ್ದು, ನೆಲ ಮಾಡಿದ್ದಲ್ಲ."

ಕೊಂಡಮ್ಮ ತಟ್ಟಿಯ ಹತ್ತಿರದಿಂದ ಎರಡು ಹೆಜ್ಜೆ ಮುಂದೆ ಬಂದು ಅವನ ಕಾಲ ಬಳಿ ಉಗಿದಳು. ಹೆಂಗಸರು ಅವಳನ್ನು ಹಿಡಿದುಕೊಂಡರು.

ಚನ್ನಕೇಶವ ಕೆಂಪಾಗಿದ್ದ. ಇದು ಸುಳ್ಳು, ಈ ಮನುಷ್ಯನೇ ತನ್ನನ್ನು ಕರೆದುಕೊಂಡು ಬಂದು ಗಾರೆ ತೋರಿಸಿದ್ದಾನೆ, ತಾನೇ ಕೈಯಾರೆ ಕೆರೆದು ನೋಡಿದ್ದೇನೆ, ಕಲ್ಲಿನ ಹಾಗಿತ್ತು ಎಂದ. ಚೆನ್ನರಾಯಪ್ಪನವರೂ, ಏನಯ್ಯ ತಲೆ ನೆಟ್ಟಗಿದೆಯಾ ಎಂದು ಗದರಿಸಿದರು. ಅಮಲ್ದಾರರು ಕೈ ಎತ್ತಿ ಇಬ್ಬರನ್ನೂ ಸುಮ್ಮನಾಗಿಸಿ, ಮಾತು ಬೇಡ, ಗಾರೆಯನ್ನೇ ತೋರಿಸು ಎಂದು ಎದ್ದರು.

ಬಿದ್ದ ಗೋಡೆಯ ಹೆಂಟೆಗಳು ಬೀದಿಯ ಪಕ್ಕದಲ್ಲೇ ಗುಡ್ಡೆಯಾಗಿದ್ದವು. ಆವುಲಪ್ಪ ಆ ಕಡೆ ತಿರುಗಲಿಲ್ಲ. ತಟ್ಟಿಯನ್ನು ಸರಿಸಿ, ತಲೆ ಬಗ್ಗಿಸಿ ಒಳಗೆ ಹೋಗಿ ಒಲೆಯ ಹಿಂದಿನ ಮೂಲೆಗೆ ನಡೆದ. ಗೂಡು ಬೇಯಿಸಿದ ಹುಳಿನೀರು ಒಂಬತ್ತು ಹತ್ತು ವರ್ಷ ದಿನವೂ ಸಿಡಿದು, ಇಂಗಿ, ಕಾದು, ಮತ್ತೆ ನೆನೆದು, ಆ ಮೂಲೆಯ ಗಾರೆಯನ್ನು ತಿಂದುಹಾಕಿತ್ತು. ಆ ಬೀದಿಯ ಪ್ರತಿಯೊಂದು ಮನೆಯಲ್ಲೂ ಒಲೆಯ ಹಿಂದಿನ ಮೂಲೆ ಹಾಗೆಯೇ. ಅದು ಮೇಸ್ತ್ರಿಗಳಿಗೆ ಗೊತ್ತು, ಅಮಲ್ದಾರರಿಗೂ ಭೂಕಂಪ ಅಳೆಯುವವರಿಗೂ ಗೊತ್ತಿರುವುದಿಲ್ಲ. ಅವನು ಮೊಣಕಾಲೂರಿ ಕೂತು ಎರಡು ಇಟ್ಟಿಗೆಯ ಸಂದಿಗೆ ಹೆಬ್ಬೆರಳು ಒತ್ತಿ ಮೆಲ್ಲಗೆ ಎಳೆದ. ಬೂದಿಯ ಹಾಗೆ ಬಿಳಿಯ ಪುಡಿ ಸುರಿಯಿತು. ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ಎದ್ದು, ಬಾಗಿಲಲ್ಲಿ ನಿಂತಿದ್ದ ಅಮಲ್ದಾರರ ಮುಂದೆ, ಎಲ್ಲರಿಗೂ ಕಾಣುವ ಹಾಗೆ ಚಾಚಿದ.